ಮಂಜಿನಲ್ಲಿ ಎಸೆದ ಹಗ್ಗ

"ಗುರುಗಳೇ, ಮಗಳ ಗಂಟಲಲ್ಲಿ ಒಂದು ಗಾಯವೂ ಇರಲಿಲ್ಲ. ನಾನೇ ಬಾಯಿ ತೆರೆಸಿ ನೋಡಿದ್ದೆ. ಗಾಯವಿಲ್ಲದ ಕಡೆ ರೋಗ ಒಳಗೆ ಹೋದದ್ದು ಹೇಗೆ?"

ಕೇಳಿದವನು ಕಲ್ಲಿನಾಥ. ಗುರುಗಳ ಬಳಿ ನಾಲ್ಕು ವರ್ಷದಿಂದ ವೈದ್ಯ ಕಲಿಯುತ್ತಿದ್ದ. ಆ ಚಳಿಗಾಲ ಸುತ್ತಲಿನ ಊರುಗಳ ಮಕ್ಕಳಿಗೆ ಗಂಟಲ ಬೇನೆ ಹಬ್ಬಿತ್ತು. ಅವನ ಮೂರು ವರ್ಷದ ಮಗಳು ಅದರಲ್ಲೇ ಹೋದಳು. ಆಗಿ ಹನ್ನೆರಡು ದಿನವಾಗಿತ್ತು.

"ನೀನು ಕೇಳಬೇಕೆಂದು ಬಂದದ್ದು ಇದಲ್ಲ. ಅದನ್ನು ಕೇಳು" ಎಂದರು ಗುರುಗಳು.

ಕಲ್ಲಿನಾಥ ತಲೆ ತಗ್ಗಿಸಿದ. "ಸಂಗವ್ವ ಮಗಳನ್ನು ತೌರಿಗೆ ಕರೆದುಕೊಂಡು ಹೋಗಿದ್ದಳು. ಬೇಡ ಅಂದಿದ್ದೆ. ಅಲ್ಲಿ ಒಂದು ಮಗು ಕೆಮ್ಮುತ್ತಿತ್ತಂತೆ. ರೋಗವನ್ನು ಮನೆಗೆ ತಂದವಳು ನನ್ನ ಹೆಂಡತಿಯೇ. ಅವಳ ಮುಖ ನೋಡಲು ನನ್ನಿಂದ ಆಗುತ್ತಿಲ್ಲ. ತೌರಿಗೇ ಕಳಿಸಿಬಿಡೋಣ ಅಂತಿದ್ದೇನೆ. ತಪ್ಪೇ?"

ಗುರುಗಳಿಗೆ ಸಿಟ್ಟು ಬಂತು. ಸಿಟ್ಟನ್ನು ನುಂಗಿಕೊಂಡು ಒಂದು ಕತೆ ಹೇಳಿದರು.

ಒಂದು ದೊಡ್ಡ ಹೊಳೆಯ ನಡುಗಡ್ಡೆಯಲ್ಲಿ ಒಂದು ಊರಿತ್ತು. ಸುತ್ತಲೂ ಪಾಚಿಗಟ್ಟಿದ ಬಂಡೆ, ಬಂಡೆಯ ಪಕ್ಕದಲ್ಲೇ ಸೆಳವು. ಕಳ್ಳರು ಈಜಿ ಬರುವರು, ಬಂಡೆ ಮುಟ್ಟುವರು, ಜಾರುವರು, ಕೊಚ್ಚಿಹೋಗುವರು. ಆ ಊರಿಗೆ ಗೋಡೆ ಬೇಕಾಗಿರಲಿಲ್ಲ. ಹೊಳೆಯೇ ಎಲ್ಲರನ್ನೂ ತೊಳೆದು ಹಾಕುತ್ತಿತ್ತು.

ಆದರೆ ಊರಿನವರು ಹೋಗಿ ಬರಬೇಕಲ್ಲ. ಅಕ್ಕಿ ಬರಬೇಕು, ಉಪ್ಪು ಬರಬೇಕು. ಅದಕ್ಕಾಗಿ ದಡದಲ್ಲಿ ಒಬ್ಬನು ಹಗ್ಗ ಹಿಡಿದು ಕೂತಿರುತ್ತಿದ್ದ. ಹರಿಗೋಲಿನಲ್ಲಿ ಬಂದವರು ಒಂದು ಉದ್ದ ಕೂಗು, ಎರಡು ಗಿಡ್ಡ ಕೂಗು ಹಾಕುವರು. ಇವನು ಹಗ್ಗ ಎಸೆದು ದಡಕ್ಕೆ ಎಳೆದುಕೊಳ್ಳುವನು. ಚಳಿಗಾಲದ ಬೆಳಗ್ಗೆ ಮಂಜು ಕವಿದು ಮುಖ ಕಾಣುತ್ತಿರಲಿಲ್ಲ. ಆಗ ಕೂಗೇ ಗುರುತು.

ಒಬ್ಬ ಕಳ್ಳ ಈಜಲಿಲ್ಲ. ಆಚೆ ದಡದಲ್ಲಿ ಒಂದು ತಿಂಗಳು ಸುಮ್ಮನೆ ಕೂತು ಕೇಳಿಸಿಕೊಂಡ. ಆಮೇಲೆ ಒಂದು ಮಂಜಿನ ಬೆಳಗ್ಗೆ ಹರಿಗೋಲಿನಲ್ಲಿ ಬಂದು ಕೂಗಿದ. ಹಗ್ಗ ಬಂತು. ಅವನು ಅದನ್ನು ಗಟ್ಟಿಯಾಗಿ ಹಿಡಿದುಕೊಂಡ, ಅಷ್ಟೇ. ಒಳಗೆ ಎಳೆದದ್ದು ಊರಿನದೇ ತೋಳು. ದಡ ಹತ್ತಿದವನು ಹಗ್ಗದವನನ್ನು ಕಟ್ಟಿಹಾಕಿ, ತನ್ನವರಿಗೆಲ್ಲ ತಾನೇ ಹಗ್ಗ ಎಸೆದ. ಮಂಜು ಕರಗುವ ಹೊತ್ತಿಗೆ ಹತ್ತು ಮನೆಗಳು ಉರಿದಿದ್ದವು. ಊರ ಗೌಡನ ಮಗ ಸತ್ತಿದ್ದ.

ಗೌಡ ಹಗ್ಗದವನ ಮುಂದೆ ನಿಂತ. "ಯಾಕೋ ಎಳೆದೆ ಅವನನ್ನ?"

"ನೀವು ಕೂಗೋ ಹಂಗೇ ಕೂಗಿದ, ಗೌಡ್ರೇ."

ಗೌಡ ಅವನನ್ನು ಊರಿನಿಂದ ಹೊರಗೆ ಹಾಕಿದ. ಇನ್ನು ಮೇಲೆ ಹಗ್ಗ ನನ್ನ ಕೈಯಲ್ಲಿರುತ್ತದೆ, ಮುಖ ನೋಡದೆ ಯಾರನ್ನೂ ಎಳೆಯುವುದಿಲ್ಲ ಎಂದು ಸಾರಿದ. ಮೂರನೆಯ ಬೆಳಗ್ಗೆ ಮಂಜಿನೊಳಗಿಂದ ಕೂಗು ಬಂತು. ಒಂದು ಉದ್ದ, ಎರಡು ಗಿಡ್ಡ. ಹರಿಗೋಲು ಸೆಳವಿಗೆ ಸಿಕ್ಕಿ ತಿರುಗುವ ಸದ್ದೂ ಕೇಳಿಸಿತು. ಗೌಡನಿಗೆ ಮುಖ ಕಾಣಲಿಲ್ಲ. ಕಾಣುವವರೆಗೆ ಅವನು ಕಾಯಲೂ ಇಲ್ಲ. ಹಗ್ಗ ಎಸೆದಾಗಿತ್ತು. ಎಳೆಯುತ್ತ ಎಳೆಯುತ್ತ ಗೌಡ ಅತ್ತುಬಿಟ್ಟ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಹರಿಗೋಲಿನಲ್ಲಿ ಇದ್ದವರು ಯಾರು?" ಎಂದು ಕಲ್ಲಿನಾಥ ಕೇಳಿದ.

"ಎಳೆಯುವಾಗ ಅವನಿಗೂ ಗೊತ್ತಿರಲಿಲ್ಲ. ಗಂಟಲಿನ ಒದ್ದೆ ಪೊರೆಯೂ ಹೀಗೇ, ಕಲ್ಲಿನಾಥ. ಅದರ ಮೇಲೆ ಲೋಳೆ ಹರಿಯುತ್ತಲೇ ಇರುತ್ತದೆ. ದಿನಕ್ಕೆ ಎಷ್ಟೋ ರೋಗಾಣುಗಳನ್ನು ತೊಳೆದು ಹಾಕುತ್ತದೆ. ಮೈ ತನ್ನ ಕೆಲಸಕ್ಕೆಂದು ಇಟ್ಟುಕೊಂಡ ಕೊಂಡಿಗಳು ಆ ಪೊರೆಯಲ್ಲಿವೆ. ಅವನ್ನು ಹಿಡಿಯಲು ಕಲಿತ ರೋಗಾಣು ಮಾತ್ರ ಅಲ್ಲಿ ಉಳಿಯುತ್ತದೆ. ಆಮೇಲೆ ಅದಕ್ಕೆ ಗಾಯ ಬೇಕಿಲ್ಲ. ಪೊರೆಯ ಜೀವಕೋಶ ತನ್ನವರೇ ಬಂದರೆಂದು ಅದನ್ನು ತಬ್ಬಿ ಒಳಗೆ ಎಳೆದುಕೊಳ್ಳುತ್ತದೆ. ಕೊಂಡಿ ಕಿತ್ತು ಹಾಕೋಣವೆಂದರೆ, ಮೈ ಬದುಕುವುದೂ ಅಂಥ ಕೊಂಡಿಗಳಿಂದಲೇ."

ಕಲ್ಲಿನಾಥ ತಲೆಯಾಡಿಸಿದ. ಆದರೆ ದುಃಖ ಅವನನ್ನು ಬಿಡಲಿಲ್ಲ. "ಎಲ್ಲ ಸರಿ, ಗುರುಗಳೇ. ಆದರೂ ಅವಳು ಮಗುವನ್ನು ಕರೆದುಕೊಂಡು ಹೋಗದೇ ಇದ್ದಿದ್ದರೆ?"

ಗುರುಗಳು ಅವನ ಮುಖವನ್ನೇ ನೋಡಿದರು.

"ಮಗಳು ಹೋಗುವ ಮುಂಚಿನ ತಿಂಗಳೆಲ್ಲ ಇಲ್ಲಿ ಬೇನೆಯ ಮಕ್ಕಳ ಬಾಯಿಗೆ ಬೆರಳಿಟ್ಟು ನೋಡಿ, ಸಂಜೆ ಮನೆಗೆ ಹೋಗಿ ಮಗಳನ್ನು ಎತ್ತಿ ಮುದ್ದಾಡಿದವನು ನೀನು. ಸಂಗವ್ವ ಇವತ್ತಿನವರೆಗೆ ಒಮ್ಮೆಯಾದರೂ ಆ ಮಾತೆತ್ತಿದಳೇ?"