ಪುಸ್ತಕ ತಿಂದ ಹೋತ

ಕೆಂಚನೆಂಬ ಹೋತ ಪ್ರತಿ ಭಾನುವಾರ ಮಗಳು ಚುಕ್ಕಿಯನ್ನು ಕರೆದುಕೊಂಡು, ಯಾರೋ ಬಚ್ಚಿಟ್ಟ ಡಬ್ಬಿಯೊಂದನ್ನು ಹುಡುಕಲು ಗುಡ್ಡ ಹತ್ತುತ್ತಿದ್ದ. ಡಬ್ಬಿಯೊಳಗೆ ಒಂದು ಪುಸ್ತಕವೂ ಪೆನ್ಸಿಲ್ಲೂ ಇರುತ್ತವೆ, ಕಂಡುಹಿಡಿದವರು ಪುಸ್ತಕದಲ್ಲಿ ಹೆಸರು ಬರೆದು ಮತ್ತೆ ಅಲ್ಲೇ ಇಡಬೇಕು ಎಂಬುದು ಆ ಆಟದ ನಿಯಮ. ಏಳು ವಾರ ಏನೂ ಸಿಗಲಿಲ್ಲ. ಎಂಟನೆಯ ವಾರ ಚುಕ್ಕಿಯೇ ಕಲ್ಲಿನ ಸಂದಿಯಿಂದ ಡಬ್ಬಿಯನ್ನು ಎಳೆದು ತೆಗೆದಳು.

"ಅಪ್ಪಾ, ನನ್ನ ಹೆಸರನ್ನು ನಾನೇ ಬರೆಯುತ್ತೇನೆ!"

ಕೆಂಚ ಪುಸ್ತಕ ತೆರೆದು ಹುಬ್ಬು ಗಂಟಿಕ್ಕಿದ. ಮೊಲ, ಮುಂಗುಸಿ, ಕೊನೆಗೆ ಆಮೆ ಕೂಡ ಮುಂಚೆಯೇ ಬಂದು ಸಹಿ ಹಾಕಿ ಹೋಗಿದ್ದವು.

"ಆಮೆಯ ಕೆಳಗೆ ನನ್ನ ಮಗಳ ಹೆಸರೇ? ಸಲ್ಲದು!" ಎಂದವನೇ ಪುಸ್ತಕವನ್ನು ರಟ್ಟಿನ ಸಮೇತ ತಿಂದುಬಿಟ್ಟ. "ಈಗ ಬರೆ ಮಗಳೇ. ಎಲ್ಲರಿಗಿಂತ ನೀನೇ ಮೊದಲು."

"ಎಲ್ಲಿ ಬರೆಯಲಿ ಅಪ್ಪಾ?" ಎಂದಳು ಚುಕ್ಕಿ.

ಕೆಂಚ ಖಾಲಿ ಡಬ್ಬಿಯನ್ನು ನೋಡಿದ, ಮಗಳ ಕಣ್ಣಂಚಿನ ನೀರನ್ನು ನೋಡಿದ, ಗಡ್ಡ ತಗ್ಗಿಸಿ ಬಂಡೆಯ ಮೇಲೆ ಕುಳಿತ. "ಸ್ವಲ್ಪ ತಾಳು ಕಂದಾ. ಮೆಲುಕು ಹಾಕುತ್ತೇನೆ, ಒಂದು ಹಾಳೆಯಾದರೂ ಬಂದೀತು."

ಸಂಜೆಯ ಹೊತ್ತಿಗೆ ಉಗುರಗಲದ ಒದ್ದೆ ಚೂರೊಂದು ಬಂತು. ಅದರ ಮೇಲೆ 'ಚು' ಎಂಬುದಷ್ಟೇ ಹಿಡಿಸಿತು.

ಮುಂದಿನ ಭಾನುವಾರ ಬೇರೊಂದು ಡಬ್ಬಿ ಹುಡುಕಲು ಹೊರಟಾಗ, ಮೇಯದಂತೆ ಬಾಯಿಗೆ ಬಿಗಿಯುವ ಕುಕ್ಕೆಯನ್ನು ಕೆಂಚ ತಾನಾಗಿಯೇ ಕಟ್ಟಿಕೊಂಡ.