ಎಂಟು ಲಕ್ಷದ ಕಾರು

ಯಜಮಾನರು ತೀರಿಕೊಂಡ ಮೇಲೆ ಅವರ ಹಳೇ ಮಾರಿಸ್ ಕಾರನ್ನು ತಾನೇ ಕೊಳ್ಳಬೇಕೆಂದು ಡ್ರೈವರ್ ಜವರಯ್ಯನಿಗೆ ಆಸೆ. ಇಷ್ಟು ವರ್ಷ ಅವನಿಗೆ ಅನ್ನ ಹಾಕಿದ ಗಾಡಿ ಅದು.

ಯಜಮಾನರ ಮಗ ಪ್ರಭಾಕರ ಬೆಲೆ ಕಟ್ಟಲು ತಜ್ಞರೊಬ್ಬರನ್ನು ಕರೆಸಿದ. ಅವರು ಬಾನೆಟ್ಟು ತಟ್ಟಿ, "ಎಂಟು ಲಕ್ಷಕ್ಕೆ ಒಂದು ಪೈಸೆ ಕಮ್ಮಿಯಿಲ್ಲ" ಎಂದರು.

"ಅಷ್ಟು ಕೊಟ್ಟರೆ ಕಾರು ನಿನ್ನದು" ಎಂದ ಪ್ರಭಾಕರ.

ಜವರಯ್ಯ ಕೈಮುಗಿದ. "ನನ್ನ ಕೈಲಾಗಲ್ಲ ಬುದ್ಧಿ. ಇದರ ಬೆಲೆ ಬಲ್ಲವರು ಇವರು. ಇವರಿಗೇ ಅರ್ಧಕ್ಕೆ ಕೊಟ್ಟುಬಿಡಿ."

ಪ್ರಭಾಕರ ಕೀಲಿಕೈ ಚಾಚಿದ. ತಜ್ಞರು ಹಿಂದೆ ಸರಿದರು. "ನನಗ್ಯಾಕೆ ಸಾರ್? ಐವತ್ತು ಸಾವಿರಕ್ಕೂ ಇದನ್ನ ಯಾರೂ ತಗೊಳಲ್ಲ."

"ಅಷ್ಟಕ್ಕೆ ನಾನು ತಗೋತೀನಿ ಬುದ್ಧಿ" ಎಂದ ಜವರಯ್ಯ.

ಪ್ರಭಾಕರ ನಕ್ಕು ಕೀಲಿಕೈ ಕೊಟ್ಟ.

ಜವರಯ್ಯ ಕಾರಿನ ಹಿಂದಿನ ಬಾಗಿಲು ತೆರೆದು ತಜ್ಞರಿಗೆ ಹೇಳಿದ: "ಹತ್ತಿ ಸ್ವಾಮಿ, ಮನೆಗೆ ಬಿಡ್ತೀನಿ. ನನಗೆ ಏಳೂವರೆ ಲಕ್ಷ ಉಳಿಸಿಕೊಟ್ಟ ಪುಣ್ಯಾತ್ಮರು ನೀವು."