ಬೀಗರ ದಿಣ್ಣೆ

ಅರಳೇಪುರದ ರೈಲು ನಿಲ್ದಾಣಕ್ಕೆ ಪಡುವಣ ದಿಕ್ಕಿನಿಂದ ಬರುವವರು ಊರು ಕಾಣುವ ಮೊದಲು ಒಂದು ಏರನ್ನು ದಾಟಬೇಕು. ಈಗಿನ ವಿದ್ಯುತ್ ರೈಲುಗಳು ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಅಲ್ಲಿರುವುದು ಒಂದು ರೈಲ್ವೆ ಗೇಟು, ಕುರುಚಲು ಜಾಲಿ, ‘ಬೀಗರ ದಿಣ್ಣೆ’ ಎಂಬ ಹಳದಿ ಫಲಕ. ಮನೆಯೊಂದೂ ಇಲ್ಲದ ಕಡೆ ಯಾರಿಗೆ ಯಾರು ಬೀಗರು ಎಂದು ಹೊಸಬರು ಕೇಳುತ್ತಾರೆ. ಪಾಳೆಯಗಾರನ ಮಗಳ ದಿಬ್ಬಣ ಅಲ್ಲಿ ತಂಗಿತ್ತೆಂದು ಹೇಳುವವರುಂಟು. ನಾನು ವಿಚಾರಿಸಿದ ಯಾವ ಮನೆಯಲ್ಲೂ ಅದಕ್ಕೆ ಆಧಾರ ಸಿಗಲಿಲ್ಲ. ಆ ಹೆಸರು ರೈಲಿಗಿಂತ ಹಳೆಯದಲ್ಲ.

ಹಿಂದೆ ಒಮ್ಮೆ, ಉಗಿಬಂಡಿ ಬಂದ ಹೊಸತರಲ್ಲಿ, ಹಳಿ ಇಬ್ಬನಿಗೋ ತುಂತುರಿಗೋ ಒದ್ದೆಯಾದರೆ ಮುಂಜಾನೆಯ ಗಾಡಿ ಈ ಏರಿನಲ್ಲಿ ನಿಂತುಬಿಡುತ್ತಿತ್ತು. ಇಂಜಿನ್ನಿನ ಗಾಲಿ ಇದ್ದಲ್ಲೇ ಗಿರಗಿರನೆ ತಿರುಗುತ್ತಿತ್ತು. ಆಗ ಜನ ತಾವಾಗಿ ಇಳಿದು, ಹಳಿಗೆ ಮರಳು ಎರಚಿ, ನಡೆದು ದಿಣ್ಣೆ ಹತ್ತುವುದು ವಾಡಿಕೆ. ಒಂದು ದಿನ ಆ ಗಾಡಿಯಲ್ಲಿ ದೂರದ ಊರಿನಿಂದ ಗಂಡಿನ ದಿಬ್ಬಣ ಬಂದಿತು. ನಮ್ಮ ಹಿರಿಯ ಮನೆಯ ಪಂಪಮ್ಮ ತಾಯಿಯಿಲ್ಲದ ತನ್ನ ಅಣ್ಣನ ಮಗಳು ಚೆನ್ನಾಜಿಯನ್ನು ಸಾಕಿ ಬೆಳೆಸಿ, ಕೂಡಿಬಂದ ಸಂಬಂಧಗಳು ಮುರಿದುಬಿದ್ದ ಮೇಲೆ ಹೊಂದಿಸಿದ ಮದುವೆ ಅದು. ಮುಹೂರ್ತ ಬೆಳಗಿನದೇ. ಅದು ತಪ್ಪಿದರೆ ಮುಂದೆ ಆಷಾಢ. ಹಿಂದಿರುಗಿದ ಬೀಗರು ಮತ್ತೆ ಬರುವರೆಂಬ ನೆಚ್ಚಿಕೆ ಯಾರಿಗೂ ಇರಲಿಲ್ಲ.

ಗಾಡಿ ಏರಿನ ನಡುವೆ ನಿಂತಿತು. ಉಳಿದ ಬೋಗಿಗಳ ಜನ ಇಳಿದರು. ದಿಬ್ಬಣದ ಬೋಗಿಯಿಂದ ಒಬ್ಬರೂ ಇಳಿಯಲಿಲ್ಲ. ವರನ ತಂದೆ ಮಹಾರುದ್ರಪ್ಪನವರು ಕಿಟಕಿಯಿಂದಲೇ ಹೇಳಿದರಂತೆ: “ಎಲ್ಲೆಕಲ್ಲು ದಾಟಿದೀವಿ. ಇದಿರುಗೊಳ್ಳೋರಿಲ್ಲದೆ ಈ ಮಣ್ಣಿಗೆ ಕಾಲಿಟ್ಟರೆ ನಾವು ಬೀಗರೋ, ಬೇಡೋಕೆ ಬಂದವರೋ?” ಡ್ರೈವರ್ ದಾವೂದ್ ಸಾಹೇಬರು ಮತ್ತೆ ಮತ್ತೆ ಉಗಿ ಕೊಟ್ಟು ನೋಡಿದರು. ಗಾಡಿ ನಡುಗಿತೇ ಹೊರತು ಕದಲಲಿಲ್ಲ. ಕಂಬಳಿ ಮಾರುವ ಕೆಂಚಜ್ಜ ಕಿಟಕಿಯ ಕೆಳಗೆ ನಿಂತು, “ಯಜಮಾನ್ರೇ, ನೀವು ಕೂತೇ ಇರಿ. ನಿಮ್ಮ ದೊಡ್ಡಸ್ತಿಕೆನಾದ್ರೂ ಇಳಿಸಿ, ಅದೇ ಒಂದು ಬೋಗಿ ಭಾರ ಐತೆ,” ಎಂದನೆಂದು ಈಗಲೂ ನಗುತ್ತಾರೆ.

ಇತ್ತ ನಿಲ್ದಾಣದಲ್ಲಿ ಓಲಗದವರು ಊದುತ್ತಿದ್ದರು, ನಿಲ್ಲಿಸುತ್ತಿದ್ದರು, ಸಿಳ್ಳು ಕೇಳಿದೊಡನೆ ಮತ್ತೆ ಊದುತ್ತಿದ್ದರು. ಜೋಯಿಸರು ಬಿಸಿಲನ್ನೇ ನೋಡುತ್ತಿದ್ದರು. ಪಂಪಮ್ಮ ಪ್ಲಾಟ್‌ಫಾರ್ಮಿನ ತುದಿಗೆ ಹೋಗುವುದು, ಬರುವುದು. ಆಮೇಲೆ ಓಡುತ್ತ ಬಂದವನೊಬ್ಬನಿಂದ ಸಂಗತಿ ತಿಳಿಯಿತು. ಕೇಳಿದ್ದೇ ಆಕೆ ನೀರಿನ ಕೊಡ ಎತ್ತಿಕೊಂಡು ಹಳಿಗಿಳಿದಳು.

“ಹೆಂಗಸರು ಹಳಿ ಮೇಲೆ ಹೋಗಕೂಡದಮ್ಮ,” ಎಂದರು ಸ್ಟೇಷನ್ ಮಾಸ್ತರರು.

“ಹಾಗಾದ್ರೆ ನಿಮ್ಮ ಗಾಡೀನ ಇಲ್ಲಿಗೆ ಕರೆಸಿ, ಸ್ವಾಮಿ.”

ಊರ ಹೆಂಗಸರು ನೀರಿನ, ಪಾನಕದ ಕೊಡ ಹೊತ್ತು ಹಿಂಬಾಲಿಸಿದರು, ಅವರ ಹಿಂದೆ ಓಲಗದವರು. ದಿಣ್ಣೆಯ ಮೇಲೆ ಪಂಪಮ್ಮ ದಿಬ್ಬಣದ ಬೋಗಿಯತ್ತ ತಿರುಗಿಯೂ ನೋಡಲಿಲ್ಲ. ಎದುರು ಸಿಕ್ಕ ಕೆಂಚಜ್ಜನ ಕಾಲಿಗೆ ಮೊದಲ ನೀರು ಹಾಕಿ, ಪಾನಕ ಕೊಟ್ಟಳು. ಆಮೇಲೆ ಸೊಪ್ಪು ಮಾರುವವಳಿಗೆ, ಆಮೇಲೆ ಇಂಜಿನ್ನಿಗೆ ಕಲ್ಲಿದ್ದಲು ಹಾಕುವವನಿಗೆ. “ನಮ್ಮೂರ ಮಣ್ಣಿಗೆ ಇಳಿದು ಬಂದವರೆಲ್ಲ ನಮಗೆ ಬೀಗರೇ,” ಎಂದಳು. ಕೊಡಗಳು ಒಂದೊಂದಾಗಿ ಬರಿದಾಗುತ್ತಿದ್ದವು, ಬಿಸಿಲು ಏರುತ್ತಿತ್ತು. ಬೋಗಿಯ ಬಾಗಿಲಲ್ಲಿ ಚಡಪಡಿಸುತ್ತಿದ್ದ ವರ, “ಅಪ್ಪಾಜಿ, ನೀರು ಮುಗೀತಾ ಬಂತು,” ಎಂದು ತಾನೇ ಮೊದಲು ಜಿಗಿದ. ಮಹಾರುದ್ರಪ್ಪನವರು ಪಂಚೆ ಎತ್ತಿ ಹಿಡಿದು ಇಳಿದಾಗ ಅವರ ಪಾಲಿಗೆ ಉಳಿದದ್ದು ಕೊಡದ ತಳದ ನೀರು.

ಓಲಗ ಮುಂದೆ, ಜನ ಹಿಂದೆ, ಅವರ ಬೆನ್ನಿಗೆ ಬರಿದಾದ ರೈಲು ಮೆರವಣಿಗೆಯ ಕೊನೆಯ ಬಂಡಿಯಂತೆ ನಡಿಗೆಯ ವೇಗದಲ್ಲಿ ಬಂದಿತು ಎನ್ನುತ್ತಾರೆ. ಜೋಯಿಸರು ಬೇಗ, ಬೇಗ ಎನ್ನುತ್ತಿರುವಾಗಲೇ ಚೆನ್ನಾಜಿಯ ಕೊರಳಿಗೆ ತಾಳಿ ಬಿದ್ದಿತು. ಮೊದಲ ಪಂಕ್ತಿಗೆ ಕೂತವರು ಗಾಡಿಯಿಂದಿಳಿದ ಟಿಕೆಟ್ಟಿನ ಜನ. ಮಾಸ್ತರರು ಗಾಡಿ ಬಿಡಲು ಗಂಟೆ ಬಾರಿಸಿದರೆ, “ಇನ್ನೂ ಮಜ್ಜಿಗೆ ಬಂದಿಲ್ಲ,” ಎಂಬ ಉತ್ತರ ಬಂದಿತಂತೆ.

ಇಂದಿಗೂ ಅರಳೇಪುರಕ್ಕೆ ಬರುವ ದಿಬ್ಬಣ, ಬಸ್ಸಿನಲ್ಲಿ ಬಂದರೂ ಕಾರಿನಲ್ಲಿ ಬಂದರೂ, ದಿಣ್ಣೆಯ ಗೇಟಿನ ಬಳಿ ಇಳಿಯುತ್ತದೆ. ಹೆಣ್ಣಿನ ಕಡೆಯವರು ಕಾಲಿಗೆ ನೀರು ತಂದಾಗ ಅಲ್ಲಿ ಯಾರು ನಡೆದು ಹೋಗುತ್ತಿರುತ್ತಾರೋ ಅವರಿಗೆ ಮೊದಲು. ಕಳೆದ ಮಾಘದಲ್ಲಿ ನಾನು ನೋಡಿದಾಗ, ಹಳಿ ಪರೀಕ್ಷಿಸುತ್ತ ಬಂದ ಗ್ಯಾಂಗ್‌ಮನ್ ಒಬ್ಬನು ನಿಧಾನವಾಗಿ ಬೂಟಿನ ದಾರ ಬಿಚ್ಚುತ್ತಿದ್ದ. ಜರಿಪೇಟದ ವರನ ತಂದೆ ಕೈಗಡಿಯಾರ ನೋಡಿಕೊಳ್ಳುತ್ತ, ಕಾಲು ಬದಲಿಸುತ್ತ, ಅವನ ಹಿಂದೆ ನಿಂತಿದ್ದರು.